ನೀರುಗಂಟಿ ಬರೆದ ನಕ್ಷೆ

ಸಕಲೇಶಪುರದ ಹಳೇ ಸೇತುವೆಯಿಂದ ಹೊರಡಿ.
ಬೆಳಿಗ್ಗೆ ಏಳಕ್ಕೆ ಮುಂಚೆ,
ಮಂಗಳೂರಿನ ಟ್ಯಾಂಕರುಗಳು ರಸ್ತೆ ನುಂಗುವ ಮೊದಲು.
ಹೇಮಾವತಿ ಬೆನ್ನಿಗಿರಲಿ. ಜೊತೆಗೆ ಯಾರೂ ಬರುವುದಿಲ್ಲ,
ಈ ಕಾಗದ ಬರುತ್ತದೆ. ನಾಲ್ಕಾಗಿ ಮಡಚಿದ್ದೇನೆ.
ಮಡಿಕೆ ಬಿದ್ದಲ್ಲಿ ಒಂದು ಓಣಿ ಅಳಿಸಿದೆ, ಕ್ಷಮಿಸಿ,
ಅಲ್ಲಿ ಬೇಕರಿಯ ವಾಸನೆ ಹಿಡಿದು ದಾಟಿಕೊಳ್ಳಿ.

ನಾನು ಚರಿತ್ರೆ ಓದಿದವನಲ್ಲ.
ಮೂವತ್ತೊಂದು ವರ್ಷ ಪುರಸಭೆಯ ವಾಲ್ವು ತಿರುಗಿಸಿದವನು.
ಯಾವ ಬಂಗಲೆಗೆ ಯಾರ ಕಾಲದ ಪೈಪು,
ಎಲ್ಲಿ ಸೀಸ, ಎಲ್ಲಿ ಬೀಡುಕಬ್ಬಿಣ, ಎಲ್ಲಿ ನಿನ್ನೆಯ ಪ್ಲಾಸ್ಟಿಕ್ಕು,
ಊರನ್ನು ನಾನು ಕೆಳಗಿನಿಂದ ಬಲ್ಲೆ.
ಹಾಗಾಗಿ ನಕ್ಷೆಯಲ್ಲಿ ದುಂಡಗೆ ಕಂಡದ್ದೆಲ್ಲ ಕಟ್ಟಡವಲ್ಲ,
ಕೆಲವು ವಾಲ್ವು.

ಮೊದಲಿಗೆ ತೋಟದ ದೊರೆಗಳ ಚರ್ಚು.
ಗಂಟೆಯ ಕೆಳಗೆ ನಿಂತು ಮೇಲೆ ನೋಡಬೇಡಿ, ಪಾರಿವಾಳ.
ಹಿಂದೆ ಸಮಾಧಿಗಳು. ಹನ್ನೊಂದು ತಿಂಗಳ ಒಂದು ಮಗು, ಚಳಿಜ್ವರ;
ಅದರ ಕಲ್ಲಿನ ಮೇಲೆ ಕುರಿಮರಿ ಕೆತ್ತಿದ್ದಾರೆ,
ಮೂಗು ಸವೆದಿದೆ. ಬಂದವರೆಲ್ಲ ಮುಟ್ಟುತ್ತಾರೆ.
ನೀವೂ ಮುಟ್ಟಿ. ಕಾವಲಿನ ಎಲಿಯಾಸ್ ಬರುವುದು ಎಂಟಕ್ಕೆ.

ಅಲ್ಲಿಂದ ನೂರ ನಲವತ್ತು ಹೆಜ್ಜೆ. ನನ್ನ ಹೆಜ್ಜೆ.
ನಿಮ್ಮದು ಉದ್ದವಿದ್ದರೆ ಹಿಟ್ಟಿನ ಗಿರಣಿ ಸಿಗುತ್ತದೆ, ವಾಪಸು ಬನ್ನಿ.
ಎರಡನೆಯದು ಅಂಚೆಮನೆ. ಮೂರು, ಕುದುರೆ ಲಾಯ,
ಈಗ ಪಂಕ್ಚರ್ ಅಂಗಡಿ. ಲಗಾಮು ಕಟ್ಟುತ್ತಿದ್ದ
ಗೋಡೆಯ ಬಳೆಗಳಲ್ಲಿ ಟ್ಯೂಬುಗಳು ನೇತಾಡುತ್ತವೆ.
ಅಬೂಬಕ್ಕರ್ ಚಹಾ ಕೊಟ್ಟರೆ ಬೇಡ ಅನ್ನಬೇಡಿ.

ನಾಲ್ಕು ಇಲ್ಲ. ಇತ್ತು. ರಸ್ತೆ ಅಗಲ ಮಾಡಿದರು.

ಐದಕ್ಕೆ ಬಂದಿರಾ?
ಹೆಂಚಿನ ಮಾಡು, ಹದಿನಾರು ಕಂಬದ ಜಗಲಿ, ಇವತ್ತು ಯಾವುದೋ ಇಲಾಖೆ.
ಎಲ್ಲರೂ ಮುಂಬಾಗಿಲಿನ ಫೋಟೋ ತೆಗೆದು ಹೊರಡುತ್ತಾರೆ.
ನೀವು ಹಿಂದಕ್ಕೆ ಹೋಗಿ. ತೊಟ್ಟಿಯ ಪಕ್ಕ, ಆಳೆತ್ತರದಲ್ಲಿ,
ಗೋಡೆಯಲ್ಲೊಂದು ತೂತು. ಹಿತ್ತಾಳೆಯ ಬಾಯಿ,
ಹೆಬ್ಬೆರಳು ಹೋಗುವಷ್ಟು.
ಒಳಗೆ ಸೂರಿನಲ್ಲಿ ಬಟ್ಟೆಯ ಪಂಖಾ ತೂಗುತ್ತಿತ್ತು,
ಹೊರಗೆ ಹಗ್ಗ.
ಹಗ್ಗದ ಈ ತುದಿಗೆ ನಮ್ಮ ಮುತ್ತಜ್ಜ ದ್ಯಾವಯ್ಯ.

ಈ ಊರಿನ ಚಳಿಗೆ ಪಂಖಾ ಯಾಕೆ ಅನ್ನುತ್ತೀರಿ.
ನಾನೂ ಕೇಳಿದ್ದೆ. ಅಜ್ಜಿ ಅಂದಳು:
ಸೆಕೆ ದೊರೆಗಲ್ಲ ಮಗಾ, ದೊರೆತನಕ್ಕೆ.

ತೂಕಡಿಕೆ ಬಂದರೆ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಎಳೆದನಂತೆ,
ಇಪ್ಪತ್ತೆರಡು ಬೇಸಿಗೆ.
ತಾನು ಬೀಸಿದ ಗಾಳಿ ಒಮ್ಮೆಯೂ ಅವನಿಗೆ ತಾಗಲಿಲ್ಲ,
ಆ ಕೋಣೆಗೆ ಎಷ್ಟು ಕಿಟಕಿ ಎಂದೂ ಗೊತ್ತಾಗಲಿಲ್ಲ.
ನಮ್ಮ ಮನೆಯಲ್ಲಿ ಇವತ್ತಿಗೂ
ನಿದ್ದೆಯಲ್ಲಿ ಎಲ್ಲರ ಬಲಗಾಲು ಅಲ್ಲಾಡುತ್ತದೆ.
ಮೊಮ್ಮಗಳದೂ. ಅವಳಿಗಿನ್ನೂ ಒಂಬತ್ತು ತಿಂಗಳು.

ತೂತಿನಲ್ಲಿ ಈಗ ಇಂಟರ್‌ನೆಟ್ ಕೇಬಲ್ಲು, ಹಳದಿ.
ದಯವಿಟ್ಟು ಎಳೆಯಬೇಡಿ.
ನಾನು ಎಳೆದಿದ್ದೇನೆ, ನಿವೃತ್ತಿಯ ಮಾರನೇ ದಿನ.
ಒಳಗಿಂದ ಯಾರೋ, ಅಯ್ಯೋ ಸರ್ವರ್ ಹೋಯ್ತು, ಅಂದರು.
ಕುರ್ಚಿಗಳು ಸರಿದವು. ಒಂದು ಕಿಟಕಿ ತೆರೆಯಿತು.
ಯಾರ್ರೀ ಅದು ಹೊರಗೆ?
ಆ ಮನೆಯೊಳಗಿಂದ ಹಾಗೆ ಕೇಳಿದ್ದು ಅದೇ ಮೊದಲಿರಬೇಕು.
ನೀರಿನವನು, ಅಂದೆ. ಕಿಟಕಿ ಮುಚ್ಚಿತು.

ಮುಂದೆ ಇಳಿಜಾರು. ಆರು, ಏಳು ಬರೆದಿಲ್ಲ,
ನನ್ನ ಮಂಡಿಗೆ ಅಲ್ಲಿಗೆ ಇಳಿದರೆ ಹತ್ತಲಾಗುವುದಿಲ್ಲ.
ಕೊನೆಯ ದುಂಡು ಗುರುತು ವಾಲ್ವಿನದು, ಕಬ್ಬಿಣದ ಮುಚ್ಚಳ,
ಯಾವುದೋ ಸೀಮೆಯ ಕಂಪನಿಯ ಅರ್ಧ ಹೆಸರು.
ಚಪ್ಪಲಿ ಬಿಟ್ಟು ಮೇಲೆ ನಿಲ್ಲಿ.
ಏಳೂವರೆಗೆ ನೀರು ಬಿಡುತ್ತಾರೆ, ಅಂಗಾಲಿಗೆ ತಿಳಿಯುತ್ತದೆ.

ಕಾಗದ ಎಸೆಯಬೇಡಿ.
ಅಬೂಬಕ್ಕರನ ಅಂಗಡಿಯಲ್ಲಿ ಕೊಟ್ಟು ಹೋಗಿ.
ಇರುವುದು ಒಂಬತ್ತೇ ಪ್ರತಿ, ಎಲ್ಲ ಕೈಯಲ್ಲಿ ಬರೆದದ್ದು.