ಹದಿನೈದು ಕುದುರೆ

ಕಲಾಸಿಪಾಳ್ಯದ ಶೆಡ್ಡಿಗೆ ಅದು ಬಂದದ್ದು
ಎತ್ತಿನ ಗಾಡಿಯ ಹಿಂದೆ, ಹಗ್ಗ ಕಟ್ಟಿಸಿಕೊಂಡು.
ಬಿಳಿ ಕಾರ್ವೆಟ್. ಎರಡೇ ಸೀಟು, ಎಡಕ್ಕೆ ಸ್ಟೇರಿಂಗು.
ಡೆಂಟು ತೆಗೆಯುವ ಅರುಳಪ್ಪ ಬೆರಳಲ್ಲಿ ತಟ್ಟಿ ನೋಡಿ
‘ತಗಡೇ ಅಲ್ವಲ್ಲೋ ಇದು’ ಎಂದು
ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದ.

ದಸ್ತಗೀರ್ ಸಾಬರು ಬಾನೆಟ್ ಎತ್ತಿದರು.
ಆರು ಸಿಲಿಂಡರು. ಯುದ್ಧ ಮುಗಿಸಿ ಹರಾಜಿಗೆ ಬಂದ
ಷೆವರ್ಲೆ ಲಾರಿಗಳ ದಾಯಾದಿ, ಗುರುತು ಸಿಕ್ಕಿತು.
ಪಕ್ಕದಲ್ಲಿ ಮಾತ್ರ ಮೂರು ಕಾರ್ಬುರೇಟರು,
ಒಂದೊಂದಕ್ಕೂ ಒಂದೊಂದು ತಾಳ.

ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ,
ಇನ್ನೊಂದು ಅದರ ಬಾಯಿಗೆ.
ಸ್ಕ್ರೂ ಕಾಲು ಸುತ್ತು. ಮತ್ತೆ ಕಿವಿ. ಅರೆಕಾಲು.
ನಾನು ಟಾರ್ಚು ಹಿಡಿದಿದ್ದೆ, ಕೆಮ್ಮಲೂ ಹೆದರಿ.
ದೀಪ ಹಚ್ಚುವ ಹೊತ್ತಿಗೆ ಮೂರೂ ಒಂದೇ ಸಮ ಉಸಿರಾಡಿದವು,
ಒಂದೇ ಚಾಪೆಯಲ್ಲಿ ಮಲಗಿದ ಮಕ್ಕಳ ಹಾಗೆ.

ರೇಸಿಗೆ ಕುದುರೆ ಸಾಕಿದ್ದ ಮಾಲೀಕ ಮುದಲಿಯಾರ್ ಕೇಳಿದ:
‘ನೂರೈವತ್ತೂ ಇದಾವಾ?’
ಸಾಬರು ಕೈ ಒರೆಸಿಕೊಂಡರು.
‘ಅಮೆರಿಕದಲ್ಲಿ ಎಣಿಸಿದ್ದು ಸ್ವಾಮಿ.
ನಮ್ಮದು ಎತ್ತರದ ಊರು, ಗಾಳಿ ತೆಳು.
ಒಂದು ಹದಿನೈದು ಕಮ್ಮಿ ಅಂದ್ಕೊಳ್ಳಿ.’

ಅವನು ಬಳ್ಳಾರಿ ರಸ್ತೆ ಹಿಡಿದ. ಧೂಳೂ ಕಾಣಲಿಲ್ಲ.
ನಾನು ಶೆಡ್ಡಿನಲ್ಲೇ ಗೋಣಿ ಹಾಸಿ ಮಲಗಿ
ಯೋಚಿಸುತ್ತಿದ್ದೆ:
ಈ ಊರಿನ ಗಾಳಿ ಕಟ್ಟು ಬಿಚ್ಚಿ ಬಿಟ್ಟ ಆ ಹದಿನೈದು
ಈಗ ಎಲ್ಲಿ ಮೇಯುತ್ತಿವೆಯೋ.