ಕೊನೆಯ ಗೆರೆ

ಹಮ್ರಿಯಾದ ಯಾರ್ಡಿನಲ್ಲಿ ಊಟದ ಬಿಡುವು.
ನನ್ನ ಕಂಟೇನರ್ ಆಫೀಸಿನ ಏ.ಸಿ. ಗೊರಕೆ ಹೊಡೆಯುತ್ತದೆ.
ಮೇಜಿನ ಮೇಲೆ ನೂರ ಹದಿನಾಲ್ಕು ಫಾರಂ,
ಪ್ರತಿಯೊಂದರಲ್ಲೂ ಒಂದು ಖಾಲಿ ಚೌಕ:
ಶೇಕಡಾ ಎಷ್ಟು?

ಸಂಬಳದ ಒಂದು ತುಂಡನ್ನು ಇನ್ನು ಮುಂದೆ
ಕೈಗೆ ಬರುವ ಮೊದಲೇ ಬಿಟ್ಟುಕೊಡಬಹುದಂತೆ,
ಬಿಟ್ಟದ್ದು ಮುಪ್ಪಿನಲ್ಲಿ ಹಿಂದೆ ಬರುವುದಂತೆ.
ಫಾರಮ್ಮಿನ ನೆತ್ತಿಯಲ್ಲಿ ‘ಸ್ಯಾಲರಿ ಸ್ಯಾಕ್ರಿಫೈಸ್’.
ಕನ್ನಡ ತುಳು ಹಿಂದಿಯಲ್ಲಿ ಬಿಡಿಸಿ ಹೇಳುವುದು ನನ್ನ ಪಾಲಿಗೆ.
ತ್ಯಾಗ ಅಂದರೆ ನಗುತ್ತಾರೆ,
ಬಲಿ ಅಂದರೆ ಬೆಚ್ಚುತ್ತಾರೆ.
ಒಮ್ಮೆ ಕುರ್ಬಾನಿ ಎಂದೆ;
ಪೇಂಟ್ ಶಾಪಿನ ಹುಡುಗ ಕೇಳಿದ,
‘ಹಾಗಾದರೆ ಮಾಂಸದಲ್ಲಿ ನನ್ನ ಪಾಲು ಎಷ್ಟು?’

ಹ್ಯಾಡ್ಲಿ ಸಾಹೇಬರು ನನಗೆ ಪಾಠ ಮಾಡಿದ್ದರು:
ನಮ್ಮೂರಲ್ಲಿ ಇದು ದೊಡ್ಡ ಉಪಾಯ, ಪ್ರೆಸಿಲ್ಲಾ.
ನೂರು ಪೌಂಡ್ ಕೈಗೆ ಬಂದರೆ ನನ್ನಂಥವನಿಂದ ನಲವತ್ತು ಸರಕಾರಕ್ಕೆ.
ಕೈಗೇ ಬಾರದೆ ಪಿಂಚಣಿಗೆ ಹೋದರೆ ನೂರೂ ಅಲ್ಲೇ.
ತೆರಿಗೆಯವನು ಮುಂಬಾಗಿಲು ತಟ್ಟುವಾಗ
ದುಡ್ಡು ಹಿತ್ತಲಿನಿಂದ ದಾಟಿಯಾಯಿತು, ಕಾನೂನು ಪ್ರಕಾರವೇ.
ಮುದುಕನಾಗಿ ತೆಗೆಯುವಾಗ ಸ್ವಲ್ಪ ಕಟ್ಟಬೇಕು
ಎಂಬುದನ್ನು ಸಣ್ಣ ದನಿಯಲ್ಲಿ ಹೇಳಿದರು.
‘ಮತ್ತೆ ಇಲ್ಲಿ?’
‘ಇಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲವಲ್ಲ.
ತಪ್ಪಿಸಿಕೊಳ್ಳಲಿಕ್ಕೆ ಯಾರೂ ಇಲ್ಲ. ಬರೀ ಉಳಿತಾಯ.’

ಗ್ಯಾಂಟ್ರಿ ಕ್ರೇನಿನ ಮೈಯದ್ದಿ ಬಂದರು,
ಹೆಲ್ಮೆಟ್ಟಿನೊಳಗೆ ಒದ್ದೆ ಟವೆಲ್,
ಉಳ್ಳಾಲ ಬಿಟ್ಟು ಇಪ್ಪತ್ತಾರು ವರ್ಷ.
‘ಬಾಯಮ್ಮ, ಇದು ಸ್ಲಿಪ್ಪಿನಲ್ಲಿ ಕಾಣ್ತದಾ?’
‘ಮೇಲೆ ಎಲ್ಲೋ ಕಾಣ್ತದೆ. ಕೊನೆಯ ಗೆರೆಯಲ್ಲಿ ಇರುವುದಿಲ್ಲ.’
‘ಕೊನೆಯ ಗೆರೆ ಅಂದ್ರೆ, ಬ್ಯಾಂಕಿಗೆ ಬೀಳುವುದು?’
‘ಅದೇ.’
ಕುರ್ಚಿ ಎಳೆದು ಕೂತರು.
ಇಷ್ಟು ವರ್ಷದಲ್ಲಿ ನನ್ನೆದುರು ಕೂತವರಲ್ಲ.

ಪ್ರತಿ ತಿಂಗಳ ಎರಡನೇ ತಾರೀಕು
ಆ ಗೆರೆಯ ಫೋಟೋ ಭಾವನಿಗೆ ಹೋಗಬೇಕು.
ಅಲ್ಲಿಂದ ಅದು ಒಡೆಯುತ್ತದೆ:
ತಂಗಿಯ ಮನೆಯ ಎರಡನೇ ಮಾಳಿಗೆಗೆ,
ದೊಡ್ಡಪ್ಪನ ಮಗನ ಗೂಡ್ಸ್ ಆಟೋದ ಕಂತಿಗೆ,
ಐಸ್ ಪ್ಲಾಂಟ್ ಹಾಕಿ ಕೈಸುಟ್ಟುಕೊಂಡ ಒಬ್ಬ ನೆಂಟನಿಗೆ;
ಅವನ ಹೆಸರು ಮೈಯದ್ದಿಗೂ ಸರಿಯಾಗಿ ಗೊತ್ತಿಲ್ಲ.
‘ಸಂಬಳ ಏರಿದ ಹಾಗೆ ಅವರ ರೇಟೂ ಏರ್ತದೆ’ ಅಂದರು.
ಹ್ಯಾಡ್ಲಿ ಸಾಹೇಬರ ತೆರಿಗೆ ಪಟ್ಟಿಯನ್ನು
ಈ ಮನುಷ್ಯ ನೋಡಿಯೇ ಇಲ್ಲ.

‘ಕೆಟ್ಟವರಲ್ಲ ಅವರು.
ಇಲ್ಲ ಅನ್ಲಿಕ್ಕೆ ನನಗೆ ನಾಲಿಗೆ ಏಳುವುದಿಲ್ಲ,
ಸುಳ್ಳು ಹೇಳ್ಲಿಕ್ಕೂ ಬರುವುದಿಲ್ಲ.
ಗೆರೆಯೇ ಸಣ್ಣದಾದ್ರೆ
ನಾನು ಎಂತದೂ ಹೇಳುವುದು ಬೇಡ, ಅಲ್ವಾ?’

ಚೌಕದಲ್ಲಿ ಬರೆದರು: ಹದಿನೈದು.
ಹೊರಗೆ ಯಾರೋ ಕಬ್ಬಿಣದ ತಗಡು ಬೀಳಿಸಿದರು.
ಅಷ್ಟರಲ್ಲಿ ಅದನ್ನು ಹೊಡೆದು ಹನ್ನೆರಡು ಮಾಡಿ
‘ತಂಗಿಯ ಮಾಳಿಗೆ ಒಂದು ಮುಗೀಲಿ’ ಅಂದರು.
ತಿದ್ದಿದಲ್ಲಿ ಸಣ್ಣ ಸಹಿ ಬೇಕು ಎಂದೆ. ಹಾಕಿದರು.
‘ಹಿಂದೆ ಬರುವಾಗ ನನ್ನ ಹೆಸರಿಗೇ ಬರ್ತದಲ್ಲಾ?’
‘ನಿಮ್ಮ ಹೆಸರಿಗೇ.’
ಫಾರಮ್ಮಿನ ಮೇಲಿನ ಹೆಸರನ್ನು,
ಪಾಸ್‌ಪೋರ್ಟಿನ ಆ ಉದ್ದದ ಮೊಹಿದ್ದೀನ್ ಕುಂಞಿಯನ್ನು,
ಬೆರಳಿಟ್ಟು ಓದಿದರು,
ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬನ ಗುರುತು ಕೇಳುವ ಹಾಗೆ.
ನಾಮಿನಿ ಯಾರು ಎಂಬಲ್ಲಿ ಪೆನ್ನು ನಿಂತಿತು.
‘ಅದು ನಾಳೆ’ ಎಂದು ಎದ್ದರು.

ಸೈರನ್ ಆಯಿತು. ಕ್ರೇನು ಎಲ್ಲೋ ಮೇಲೆ ಕಿರ್ರೆಂದಿತು.
ಕಟ್ಟಿನ ಕೆಳಗಿನಿಂದ ನೂರ ಹದಿನಾಲ್ಕನೆಯದನ್ನು ಎಳೆದೆ,
ಅದು ನನ್ನದು.
ನನ್ನ ಕೊನೆಯ ಗೆರೆಯನ್ನು ಓದುವವರು ಯಾರೆಂದು
ಇಲ್ಲಿ ಬರೆಯುವುದಿಲ್ಲ.
ಚೌಕದಲ್ಲಿ ಎರಡಂಕಿ ಬರೆದೆ,
ಹೊಡೆದು ಹಾಕಲಿಲ್ಲ.