ಹಲ್ಲು ಬಿಟ್ಟ ಗೋಡೆ

ಗೌಂಡಿಗಳು ಅದಕ್ಕೆ ಹಲ್ಲು ಅನ್ನುತ್ತಾರೆ:
ಗೋಡೆ ನಿಂತಲ್ಲಿ ಒಂದು ವರಸೆ ಒಳಗೆ, ಒಂದು ವರಸೆ ಹೊರಗೆ,
ಮುಂದೆ ಕಟ್ಟುವವನ ಗೋಡೆ ಬಂದು ಕಚ್ಚಿಕೊಳ್ಳಲಿ ಎಂದು
ಬೇಕಂತಲೇ ಚಾಚಿ ಬಿಟ್ಟ ಕಲ್ಲು.

ಶಹಾಬಾದದ ಹೊರಗೆ, ಹಳೆ ಖಣಿಯ ದಂಡೆಗೆ,
ನಲವತ್ತೆರಡು ಮನೆಗೆ ನಾನು ನಕಾಶೆ ಬರೆದೆ.
ಇದ್ದ ರೊಕ್ಕಕ್ಕೆ ಸಣ್ಣದೊಂದು ಪೂರಾ ಮನೆ ಬರುತ್ತಿತ್ತು, ಗೂಡಿನಂಥದ್ದು;
ಇಲ್ಲವೇ ದೊಡ್ಡದರ ಅರ್ಧ.
ಅರ್ಧವನ್ನೇ ಬರೆದೆ.
ಅವರ ಕೈಲಿ ಆಗದ್ದು ಮೊದಲು:
ಬುನಾದಿ, ನಳ, ಪಾಯಿಖಾನೆ, ಒಂದು ಖೋಲಿ,
ಎರಡು ಅಂತಸ್ತು ಹೊರುವ ಕಂಬ,
ಮತ್ತೆ ಹೊರಗಿನಿಂದ ಏರುವ, ಎಲ್ಲಿಗೂ ಹೋಗದ
ಹದಿನಾಲ್ಕು ಮೆಟ್ಟಿಲು.

ಸಾಹೇಬರು ಮೆಟ್ಟಿಲ ಮೇಲೆ ಬೆರಳಿಟ್ಟರು.
'ಮ್ಯಾಲ ಏನದ ಅಂತ ಇದು?'
'ಇನ್ನೂ ಏನಿಲ್ರಿ.'
'ಮತ್ತ ತೆಗೀರಿ.'
ಮಧ್ಯಾಹ್ನವೆಲ್ಲ ಚೌಕಾಶಿ; ಫ್ಯಾನು ಬಿಸಿಗಾಳಿಯನ್ನೇ ಕಲಸುತ್ತಿತ್ತು.
ಗಿಲಾವು ಬಿಟ್ಟುಕೊಟ್ಟೆ, ಬಣ್ಣ ಬಿಟ್ಟುಕೊಟ್ಟೆ,
ನೆಲದ ಹಾಸೂ ಬಿಟ್ಟುಕೊಟ್ಟೆ. ಪರಸಿ ಸೀಳುವವರ ಮನೆಗೆ
ನಾನೇನು ಪರಸಿ ಹಾಕಿಸಲಿ?
ಮೆಟ್ಟಿಲು ಉಳಿಯಿತು.

ಕೀಲಿಕೈ ಕೊಟ್ಟ ದಿನ ಚನ್ನಬಸ್ಸಮ್ಮ
ಗೋಡೆಯ ಹಲ್ಲಿನ ಮೇಲೆ ಕೈಯಾಡಿಸಿ ಕೇಳಿದಳು:
'ಯಕ್ಕಾ, ಉಳದದ್ದು ಯಾರು ನುಂಗಿದ್ರು?'
ಜನ ನಕ್ಕರು.
ಆ ರಾತ್ರಿ ಎಸ್ಟಿಮೇಟು ಬಿಚ್ಚಿ ಮತ್ತೆ ಕೂಡಿಸಿದೆ,
ನಾನೇ ನುಂಗಿದವಳ ಹಾಗೆ.

ಆರು ವರ್ಷದ ಮೇಲೆ ಹೋದೆ, ಟೇಪು ಹಿಡಿದು.
ಎಪ್ರಿಲ್. ಬೇವಿನ ಎಲೆಯ ಮೇಲೂ ಕಲ್ಲಿನ ಬೂದಿ.
ನನ್ನ ನಕಾಶೆಯ ಪ್ರಕಾರ ಕಟ್ಟಿದವರು ಹನ್ನೊಂದು ಮಂದಿ.
ಗೋರಿಮಾ, ಖಣಿಯವರು ಒಲ್ಲೆಂದ ಒಡಕು ಪರಸಿ ನಿಲ್ಲಿಸಿ
ಖೋಲಿ ಎಬ್ಬಿಸಿದ್ದಾಳೆ, ಮಗಳ ಬಾಣಂತನಕ್ಕೆ, ಮೂರೇ ವಾರದಲ್ಲಿ.
ಮೆಟ್ಟಿಲ ಕೆಳಗೆ ಭೀಮಶಾನ ಕಟಿಂಗ್ ಅಂಗಡಿ;
ಗಿರಾಕಿ ತಲೆ ಬಗ್ಗಿಸಿಯೇ ಕೂರಬೇಕು.
'ಹ್ಯಾಂಗೂ ಬಗ್ಗಸಬೇಕಲ್ರಿ' ಅನ್ನುತ್ತಾನೆ.
ಮಲ್ಕಪ್ಪ ಒಂಬತ್ತು ಇಂಚು ಹೊರಗೆ ಬಂದು ಪಕ್ಕದವರ ಕಿಟಕಿ ಮುಚ್ಚಿದ.
ಜಗಳ ಠಾಣೆಗೆ ಹೊರಟು, ದಾರಿಯಲ್ಲಿ ಚಹಾ ಕುಡಿದು ತಿರುಗಿ ಬಂತು.
ಈಗ ಅವನ ಗೋಡೆಯಲ್ಲೊಂದು ಕಿಂಡಿ:
ಆಚೆ ಮನೆಯ ಬೆಳಕು ಇವನ ಅಡುಗೆಮನೆ ಹಾಯ್ದು ಹೋಗುತ್ತದೆ,
ಒಗ್ಗರಣೆಯ ವಾಸನೆ ಸಮೇತ.

ಚನ್ನಬಸ್ಸಮ್ಮ ಏನೂ ಕಟ್ಟಿರಲಿಲ್ಲ.
ಬಿಟ್ಟ ಜಾಗದಲ್ಲಿ ಕೌದಿಗಳು ಸುರುಳಿ ಸುತ್ತಿ ನಿಂತಿದ್ದವು,
ಗೋಡೆಯ ಹಲ್ಲು ಹಲ್ಲಿಗೂ ಒಂದೊಂದು ಡಬ್ಬಿ:
ಉಪ್ಪು, ಅಡಕೆ, ಸುಣ್ಣ, ಮಗನ ಕಂಪಾಸು.
ನಾನು ಸಾಲದ ಸ್ಕೀಮಿನ ಮಾತು ತೆಗೆದೆ, ಅರ್ಜಿ ತೆಗೆದೆ.
ಅವಳು ಕೈ ಅಡ್ಡ ಹಿಡಿದಳು.
'ರೊಕ್ಕ ಅವ, ಯಕ್ಕಾ. ಬ್ಯಾಸಿಗ್ಯಾಗ ಅರ್ಧ ಓಣಿ ಇಲ್ಲೇ ಮಲಗ್ತದ.
ಕಟ್ಟಿದ್ರ ಅವ್ರು ಎಲ್ಲಿ ಹೋಗ್ತಾರ?
ನಮ್ಮ ಮನಿ ಮುಗದದ. ನಿನ್ನ ಕಾಗದದಾಗ ಬರಕೋ.'

ಕಾಗದದಲ್ಲಿ ಅದಕ್ಕೆ ಅಂಕಣ ಇರಲಿಲ್ಲ.
ಕಟ್ಟಿದೆ, ಕಟ್ಟಿಲ್ಲ. ಎರಡೇ.
ಪೆನ್ನಿನ ಮುಚ್ಚಳ ಹಾಕಿ, ಕೊಟ್ಟ ಮಜ್ಜಿಗೆ ಕುಡಿದೆ.

ಹೊರಡುವ ಮೊದಲು ಭೀಮಶಾನ ಮೆಟ್ಟಿಲು ಏರಿದೆ,
ಹದಿನಾಲ್ಕೂ ಎಣಿಸುತ್ತ.
ಛತ್ತಿನ ಮೇಲೆ ಅವನ ಮಗಳು ರೇಣುಕಿ,
ಕಂಬದ ನೆತ್ತಿಯಿಂದ ಹೊರಬಂದ ಸಲಾಕಿಗಳಿಗೆ
ಸಿಮೆಂಟಿನ ತಿಳಿ ಸವರುತ್ತಿದ್ದಳು, ಜಂಗು ಹಿಡಿಯದ ಹಾಗೆ,
ಒಂದೊಂದರ ಮೇಲೂ ಖಾಲಿ ಬಾಟಲಿ ಟೊಪ್ಪಿಗೆ ತೊಡಿಸುತ್ತ.
ವರ್ಷಾ ಮಾಡ್ತೀವ್ರಿ, ಮಳಿಗಿಂತ ಮೊದ್ಲ, ಅಂದಳು.
ಯಾವಾಗ ಕಟ್ಟುತ್ತೀರಿ ಎಂದು ನಾನು ಕೇಳಲಿಲ್ಲ.
'ಇದನ್ನ ಸ್ವಲ್ಪ ಹಿಡೀರಿ' ಎಂದು ಡಬ್ಬಿ ಚಾಚಿದಳು.
ಹಿಡಿದೆ.